ಅಂಕಿ ಅವೇ, ಸಾಲು ಬೇರೆ

ಕಲ್ಯಾಣ ಕರ್ನಾಟಕದ ಆರು ಜಿಲ್ಲೆಗಳು. 2011ರ ಜನಗಣತಿಯಿಂದ ಎರಡೇ ಕಾಲಂ: ಏಳು ವರ್ಷ ದಾಟಿದ ನೂರು ಜನರಲ್ಲಿ ಅಕ್ಷರಸ್ಥರು ಎಷ್ಟು, ಸಾವಿರ ಗಂಡಸರಿಗೆ ಹೆಂಗಸರು ಎಷ್ಟು. ವಿಜಯನಗರ ಜಿಲ್ಲೆ ಆಗಿನ್ನೂ ಬಳ್ಳಾರಿಯೊಳಗೇ ಇತ್ತು. ಅಕಾರಾದಿಯಲ್ಲಿ ಬರೆದರೆ ಹೀಗೆ:

ಕಲಬುರಗಿ — 65 — 971
ಕೊಪ್ಪಳ — 68 — 986
ಬಳ್ಳಾರಿ — 67 — 983
ಬೀದರ್ — 71 — 956
ಯಾದಗಿರಿ — 52 — 989
ರಾಯಚೂರು — 60 — 1000

ಓದಿ ನೋಡಿ. ಕಣ್ಣು ಮೇಲಿಂದ ಕೆಳಗೆ ಇಳಿದು, ಮತ್ತೆ ಮೇಲೇರಿ, ಏನನ್ನೂ ಹಿಡಿಯದೆ ಪುಟ ತಿರುವುತ್ತದೆ. ಈಗ ಅದೇ ಅಂಕಿಗಳನ್ನು ಅಕ್ಷರಸ್ಥರ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಇಡೋಣ:

ಬೀದರ್ — 71 — 956
ಕೊಪ್ಪಳ — 68 — 986
ಬಳ್ಳಾರಿ — 67 — 983
ಕಲಬುರಗಿ — 65 — 971
ರಾಯಚೂರು — 60 — 1000
ಯಾದಗಿರಿ — 52 — 989

ಓದಿನಲ್ಲಿ ಆರರಲ್ಲಿ ಮೊದಲಾಗಿರುವ ಬೀದರ್, ಹೆಂಗಸರ ಪ್ರಮಾಣದಲ್ಲಿ ಆರರಲ್ಲಿ ಕೊನೆ. ಓದಿನಲ್ಲಿ ಕೊನೆಯ ಎರಡು ಜಾಗದಲ್ಲಿರುವ ರಾಯಚೂರು, ಯಾದಗಿರಿಗಳಲ್ಲಿ ಹೆಂಗಸರ ಪ್ರಮಾಣ ಉಳಿದೆಲ್ಲಕ್ಕಿಂತ ಹೆಚ್ಚು. ಯಾಕೆ ಹೀಗೆ ಎಂಬುದಕ್ಕೆ ಈ ಎರಡು ಕಾಲಂಗಳಲ್ಲಿ ಉತ್ತರವಿಲ್ಲ. ದುಡಿಮೆಗಾಗಿ ಊರು ಬಿಡುವವರ ಲೆಕ್ಕ ಬೇಕು, ಆರು ವರ್ಷದೊಳಗಿನ ಮಕ್ಕಳ ಲಿಂಗಾನುಪಾತ ಬೇಕು. ಆದರೆ ಪ್ರಶ್ನೆ ಎದ್ದು ನಿಂತಿತು. ಮೊದಲ ಕೋಷ್ಟಕದಲ್ಲೂ ಆ ಪ್ರಶ್ನೆ ಇತ್ತು; ಸಾಲಿನ ಕ್ರಮ ಅದನ್ನು ಅಡಗಿಸಿತ್ತು. ನಡುವೆ ಒಂದು ಅಂಕಿಯನ್ನೂ ನಾವು ತಿದ್ದಲಿಲ್ಲ.

ಇದು ಚಿಕ್ಕ ಮಾತಲ್ಲ. ಹಿಂದುಳಿದ ತಾಲ್ಲೂಕು ಯಾವುದು, ಬೆಳೆವಿಮೆ ಯಾರಿಗೆ, ಶಾಲೆ ಎಲ್ಲಿ, ಕೆರೆ ಎಲ್ಲಿ ಎಂಬ ತೀರ್ಮಾನಗಳ ಹಿಂದೆಲ್ಲ ಕೋಷ್ಟಕಗಳಿವೆ. ಬಸವಕಲ್ಯಾಣ, ಹುಮನಾಬಾದ್‌ನಂಥ ಗಡಿ ತಾಲ್ಲೂಕುಗಳ ಪಾಲು ನಿಗದಿಯಾಗುವುದೂ ಅಲ್ಲಿಯೇ. ಆ ಕೋಷ್ಟಕಗಳನ್ನು ಓದಬಲ್ಲವರು ಅಧಿಕಾರಿಗಳಷ್ಟೇ ಆಗಿ ಉಳಿಯಬಾರದು. ಸಾಲು ಮತ್ತು ಕಾಲಂಗಳನ್ನು ಕಣ್ಣಿಗೆ ಹಿಡಿಯುವಂತೆ ಜೋಡಿಸುವ ಕೆಲಸವನ್ನು ಇವತ್ತು ಕಂಪ್ಯೂಟರು ಮಾಡಬಲ್ಲದು. ಅದಕ್ಕಾಗಿ ಅದು ಎರವಲು ತಂದಿರುವುದು ಜೀವವಿಕಾಸದ ದಾರಿಯನ್ನು.

ಅಕಾರಾದಿ ಯಾರಿಗೆ?

ಬೀದರ್ ಜಿಲ್ಲೆಯಲ್ಲಿ ಈಗ ಎಂಟು ತಾಲ್ಲೂಕು. ಕನ್ನಡದ ಅಕಾರಾದಿಯಲ್ಲಿ ಔರಾದ, ಕಮಲನಗರ, ಚಿಟಗುಪ್ಪ, ಬಸವಕಲ್ಯಾಣ, ಬೀದರ್, ಭಾಲ್ಕಿ, ಹುಮನಾಬಾದ್, ಹುಲಸೂರು. ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ಎರಡನೇ ಜಾಗದ ಕಮಲನಗರ ಕೊನೆಗೆ ಬೀಳುತ್ತದೆ, ಬಸವಕಲ್ಯಾಣ ಔರಾದದ ಪಕ್ಕಕ್ಕೆ ಜಿಗಿಯುತ್ತದೆ. ಲಿಪಿ ಬದಲಾದರೆ ನೆರೆಹೊರೆಯೇ ಬದಲಾಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪಟ್ಟಿಯನ್ನು ನೇರವಾಗಿ ಎಕ್ಸೆಲ್‌ಗೆ ಹಾಕಿ ಜೋಡಿಸಿದರೆ ಈ ಎರಡರಲ್ಲಿ ಯಾವುದೂ ಸಿಗುವುದಿಲ್ಲ. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಆ ಪಾಡು ಗೊತ್ತು.

ಅಕಾರಾದಿಗೆ ಅದರದ್ದೇ ಉಪಯೋಗವಿದೆ. ತನ್ನ ಊರಿನ ಅಂಕಿ ಹುಡುಕುವವನಿಗೆ ಅದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಆದರೆ ಹುಡುಕುವುದು ಒಂದು ಕೆಲಸ, ಕಾಣುವುದು ಇನ್ನೊಂದು. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಎ.ಎಸ್.ಸಿ. ಎಹ್ರೆನ್‌ಬರ್ಗ್ 1977ರಲ್ಲಿ ಕೋಷ್ಟಕ ಬರೆಯುವವರಿಗೆ ಕೆಲವು ಸರಳ ನಿಯಮ ಹಾಕಿಕೊಟ್ಟರು: ಅಂಕಿಗಳನ್ನು ಎರಡು ಸ್ಥಾನಕ್ಕೆ ದುಂಡಗೆ ಮಾಡಿ, ಸಾಲುಗಳನ್ನು ಗಾತ್ರದ ಕ್ರಮದಲ್ಲಿ ಇಡಿ, ಹೋಲಿಸಬೇಕಾದ ಅಂಕಿಗಳು ಮೇಲೆ-ಕೆಳಗೆ ಬರಲಿ. 2011ರಲ್ಲಿ ಬೀದರ್ ಜಿಲ್ಲೆಯ ಜನಸಂಖ್ಯೆ 17,03,300. ಲೆಕ್ಕಪತ್ರಕ್ಕೆ ಪೂರ್ತಿ ಅಂಕಿಯೇ ಬೇಕು. ಓದುಗರ ನೆನಪಿನಲ್ಲಿ ನಿಲ್ಲುವುದು 17 ಲಕ್ಷ.

ಎಹ್ರೆನ್‌ಬರ್ಗ್ ದಾರಿ ಒಂದೆರಡು ಕಾಲಂಗೆ ಸಾಕು. ಮೂವತ್ತೈದು ಕಾಲಂ ಇದ್ದಾಗ ಯಾವುದರ ಗಾತ್ರವನ್ನು ಹಿಡಿದು ಜೋಡಿಸುವುದು? ಸಾಕ್ಷರತೆಯನ್ನು ಹಿಡಿದರೆ ನೀರಾವರಿ ಚೆಲ್ಲಾಪಿಲ್ಲಿ, ನೀರಾವರಿ ಹಿಡಿದರೆ ಆಸ್ಪತ್ರೆ ಚೆಲ್ಲಾಪಿಲ್ಲಿ.

ಜೋಡಣೆಯ ಊರು

ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಜೋಡಣೆ ಹೊಸದಲ್ಲ. ಚಾಲುಕ್ಯರ ಈ ರಾಜಧಾನಿಯಲ್ಲಿ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ ರಾಜ್ಯಾಡಳಿತದಿಂದ ಅಡುಗೆಯವರೆಗೆ, ಆನೆಯಿಂದ ಸಂಗೀತದವರೆಗೆ ಆ ಕಾಲದ ತಿಳಿವನ್ನೆಲ್ಲ ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ ಎಂದು ನೂರು ಅಧ್ಯಾಯಗಳಲ್ಲಿ ಕೂರಿಸಿತು.

ಅದಕ್ಕಿಂತ ದೊಡ್ಡ ಉದಾಹರಣೆ ‘ಶೂನ್ಯಸಂಪಾದನೆ’. ವಚನಗಳು ಹನ್ನೆರಡನೇ ಶತಮಾನದವು. ಒಂದೊಂದೂ ಬಿಡಿ. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಆ ಬಿಡಿ ವಚನಗಳನ್ನು ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ, ಸಿದ್ಧರಾಮ ಮೊದಲಾದವರ ಮುಖಾಮುಖಿ ಮಾತುಕತೆಯಾಗಿ, ನಡುನಡುವೆ ಗದ್ಯದ ಕೊಂಡಿ ಹಾಕಿ, ಸಾಲಾಗಿಟ್ಟರು. ಆಮೇಲೆ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣೊಡೆಯರು ತಮ್ಮ ತಮ್ಮ ಜೋಡಣೆ ಮಾಡಿದರು. ಬಿಡಿಯಾಗಿ ಓದಿದಾಗ ಒಂದು ಅರ್ಥ ಕೊಡುವ ವಚನ, ಯಾರದೋ ಪ್ರಶ್ನೆಗೆ ಉತ್ತರವಾಗಿ ನಿಂತಾಗ ಬೇರೆಯದೇ ಬೆಳಕು ಕೊಡುತ್ತದೆ. ನಾಲ್ವರು ಸಂಪಾದಕರು, ನಾಲ್ಕು ಕ್ರಮ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಬಲ ಕನ್ನಡದ ಓದುಗರಿಗೆ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಕಾಣಲಿಕ್ಕಿಲ್ಲ.

ಶಾಸನತಜ್ಞರೂ ಇದೇ ಕೆಲಸ ಮಾಡುತ್ತ ಬಂದಿದ್ದಾರೆ. ಆರನೇ ವಿಕ್ರಮಾದಿತ್ಯ 1076ರಿಂದ ತನ್ನದೇ ಶಕೆ ಆರಂಭಿಸಿದ್ದರಿಂದ ಅವನ ಕಾಲದ ಕಲ್ಲುಗಳಿಗೆ ವರ್ಷ ಹೇಳುವುದು ಸುಲಭ. ತೇದಿಯ ಭಾಗವೇ ಒಡೆದುಹೋದ ಕಲ್ಲಿಗೆ ಅಕ್ಷರದ ರೂಪವೇ ಸಾಕ್ಷಿ. ಯಾವ ಕಲ್ಲಿನ ಅಕ್ಷರ ಯಾವುದನ್ನು ಹೆಚ್ಚು ಹೋಲುತ್ತದೆ ಎಂದು ನೋಡಿ, ಹೋಲುವವನ್ನು ಪಕ್ಕಪಕ್ಕ ಇಡುತ್ತ ಹೋದರೆ ಕಾಲದ ಸಾಲೊಂದು ತಾನಾಗಿ ಮೂಡುತ್ತದೆ.

ಈ ಉಪಾಯವನ್ನು ಲೆಕ್ಕದ ಶಿಸ್ತಿಗೆ ತಂದವರು ಈಜಿಪ್ಟಿನಲ್ಲಿ ಅಗೆಯುತ್ತಿದ್ದ ಫ್ಲಿಂಡರ್ಸ್ ಪೆಟ್ರಿ. ಬರಹವಿಲ್ಲದ ಕಾಲದ ಸುಮಾರು 900 ಗೋರಿಗಳು. ಯಾವುದು ಹಳತು, ಯಾವುದು ಹೊಸತು ಹೇಳಲು ಏನೂ ಇಲ್ಲ. ಗೋರಿಗೊಂದರಂತೆ ಕಾಗದದ ಪಟ್ಟಿ ಮಾಡಿ, ಅದರಲ್ಲಿ ಸಿಕ್ಕ ಮಡಕೆಗಳ ಬಗೆಯನ್ನು ಬರೆದು, ಒಂದೇ ಬಗೆಯ ಮಡಕೆ ಆದಷ್ಟು ಹತ್ತಿರದ ಪಟ್ಟಿಗಳಲ್ಲೇ ಬರುವಂತೆ ಪಟ್ಟಿಗಳನ್ನು ಮೇಲೆ-ಕೆಳಗೆ ಸರಿಸುತ್ತ ಹೋದರು. 1899ರಲ್ಲಿ ಅವರು ಪ್ರಕಟಿಸಿದ ಆ ಕ್ರಮವೇ ಮುಂದೆ ‘ಸೀರಿಯೇಶನ್’ ಎಂಬ ಶಾಸ್ತ್ರವಾಯಿತು. ಫ್ರಾನ್ಸಿನಲ್ಲಿ ಭೂಪಟಗಳ ಕಸುಬಿನಿಂದ ಬಂದ ಜಾಕ್ ಬರ್ತೆ 1967ರ ತಮ್ಮ ಗ್ರಂಥದಲ್ಲಿ ಇದನ್ನು ಎಲ್ಲ ಬಗೆಯ ಕೋಷ್ಟಕಗಳಿಗೂ ಹಿಗ್ಗಿಸಿದರು. ಅಂಕಿಯ ಬದಲು ದಟ್ಟ-ತಿಳಿ ಚೌಕಗಳು. ಸಾಲನ್ನೂ ಕಾಲಂ ಅನ್ನೂ ಕೈಯಿಂದ ಸರಿಸಬಹುದಾದ ಹಲಗೆಗಳು. ಸರಿಸುತ್ತ ಹೋದಂತೆ ಚದುರಿದ ಕಪ್ಪು ಚೌಕಗಳು ಒಂದೆಡೆ ಗುಂಪುಗೂಡಿ, ಯಾವ ಊರುಗಳು ಯಾವ ಗುಣಗಳಲ್ಲಿ ಒಂದೇ ಬಗೆ ಎಂದು ಕಣ್ಣಿಗೆ ಹೊಡೆಯುತ್ತಿತ್ತು.

ಎಷ್ಟು ಸಾಲು, ಎಷ್ಟು ಕ್ರಮ

ಕೈಯಿಂದ ಸರಿಸುವುದಕ್ಕೆ ಮಿತಿಯಿದೆ. ಆರು ಜಿಲ್ಲೆಗಳನ್ನು 720 ರೀತಿಯಲ್ಲಿ ಸಾಲಾಗಿಡಬಹುದು. ಎಂಟು ತಾಲ್ಲೂಕುಗಳನ್ನು 40,320 ರೀತಿ. ಇವನ್ನು ಒಂದೂ ಬಿಡದೆ ಪರೀಕ್ಷಿಸಲು ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಇಲ್ಲಿ ಯಾವ ವಿಕಾಸವಾದವೂ ಬೇಡ. ಸಾಲುಗಳು ಇಪ್ಪತ್ತಾದರೆ? ಸೆಕೆಂಡಿಗೆ ನೂರು ಕೋಟಿ ಕ್ರಮಗಳನ್ನು ಪರೀಕ್ಷಿಸುವ ಯಂತ್ರಕ್ಕೂ ಎಲ್ಲ ಮುಗಿಸಲು ಸುಮಾರು 77 ವರ್ಷ ಬೇಕು. ಬೀದರ್ ಜಿಲ್ಲೆಯ ಮುಡಬಿ, ಮಂಠಾಳ, ರಾಜೇಶ್ವರ, ಹಳ್ಳಿಖೇಡಗಳ ಸುತ್ತಲಿನ ಗ್ರಾಮ ಪಂಚಾಯಿತಿಗಳನ್ನು ಸಾಲಿಗೆ ಒಂದರಂತೆ ಬರೆದು, ತೊಗರಿ, ಸೋಯಾ, ಉದ್ದು, ಕಡಲೆ, ಮಳೆ, ಕೊಳವೆಬಾವಿ ಎಂದು ಕಾಲಂ ಹಾಕಿದರೆ ಆ ಲೆಕ್ಕ ಯಾವ ಯಂತ್ರದ ಆಯುಷ್ಯಕ್ಕೂ ಸಿಗುವುದಿಲ್ಲ. ರಾಜ್ಯದಲ್ಲಿ 2002ರಲ್ಲಿದ್ದ 175 ತಾಲ್ಲೂಕುಗಳ ಕ್ರಮಗಳ ಸಂಖ್ಯೆ ಬರೆಯಲು 300ಕ್ಕೂ ಹೆಚ್ಚು ಅಂಕಿಗಳು ಬೇಕು.

ಎಲ್ಲವನ್ನೂ ನೋಡಲಾಗದು ಎಂದ ಮೇಲೆ ಜಾಣತನದಿಂದ ಹುಡುಕಬೇಕು. ಅದಕ್ಕೆ ಮೊದಲು ಯಾವ ಕ್ರಮ ಒಳ್ಳೆಯದು ಎನ್ನಲು ಅಳತೆಗೋಲು ಬೇಕು. ಸರಳವಾದದ್ದು ಇದು: ಪ್ರತಿ ಕಾಲಂನ ಅತಿ ಕಡಿಮೆ ಅಂಕಿಗೆ ಸೊನ್ನೆ, ಅತಿ ಹೆಚ್ಚಿಗೆ ಒಂದು ಎಂದು ಸಮ ಮಾಡಿಕೊಳ್ಳಿ, ಇಲ್ಲವಾದರೆ ಮಿಲಿಮೀಟರಿನ ಮಳೆ ಶೇಕಡಾವಾರು ಸಾಕ್ಷರತೆಯನ್ನು ತುಳಿದುಬಿಡುತ್ತದೆ. ಆಮೇಲೆ ಪಕ್ಕಪಕ್ಕದ ಸಾಲುಗಳ ನಡುವಿನ ವ್ಯತ್ಯಾಸಗಳನ್ನೆಲ್ಲ ಕೂಡಿಸಿ. ಮೊತ್ತ ಕಡಿಮೆಯಾದಷ್ಟೂ ಕಣ್ಣು ಕಡಿಮೆ ಜಿಗಿಯುತ್ತದೆ.

ನಮ್ಮ ಆರು ಜಿಲ್ಲೆಗಳಿಗೆ ಈ ಲೆಕ್ಕ ಹಾಕಿದರೆ ಅಕಾರಾದಿಯ ಮೊತ್ತ 3.86. ಸಾಕ್ಷರತೆಯ ಕ್ರಮದ್ದು 2.93. 720ರಲ್ಲಿ ಎಲ್ಲಕ್ಕಿಂತ ಕಡಿಮೆ ಮೊತ್ತ 2.57. ಆ ಕ್ರಮ ಬೀದರ್, ಕಲಬುರಗಿ, ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ. ಇದು ಓದಿನ ಕ್ರಮವೂ ಅಲ್ಲ, ಲಿಂಗಾನುಪಾತದ ಕ್ರಮವೂ ಅಲ್ಲ. ಎರಡನ್ನೂ ಒಟ್ಟಿಗೆ ನೋಡಿದ್ದು. ಒಂದು ತುದಿಯಲ್ಲಿ ಬೀದರ್ ಬಹುಮಟ್ಟಿಗೆ ಒಂಟಿ, ನಡುವೆ ಒಂದನ್ನೊಂದು ಹೋಲುವ ಮೂರು, ಇನ್ನೊಂದು ತುದಿಯಲ್ಲಿ ರಾಯಚೂರು-ಯಾದಗಿರಿ ಜೋಡಿ. ಎರಡನೇ ಕೋಷ್ಟಕದಲ್ಲಿ ಅಷ್ಟಾಗಿ ಎದ್ದು ಕಾಣದಿದ್ದ ಮೂರು ಗುಂಪುಗಳು ಇಲ್ಲಿ ಬಿಡಿಸಿಟ್ಟಂತಿವೆ.

ತಲೆಮಾರುಗಳ ಲೆಕ್ಕ

ಹಿಂಗಾರಿ ಜೋಳದ ರಾಶಿಗೆ ಮುಂಚೆ ರೈತ ಹೊಲದಲ್ಲಿ ನಡೆದು, ತುಂಬಿದ ತೆನೆಗಳನ್ನು ಬೀಜಕ್ಕೆಂದು ಬೇರೆ ಎತ್ತಿಡುತ್ತಾನೆ. ಮುಂದಿನ ವರ್ಷ ಅವುಗಳ ಪೈರಿನಲ್ಲಿ ಮತ್ತೆ ಆಯ್ಕೆ. ವಿಕಾಸದ ಅಲ್ಗಾರಿದಮ್ಮಿನ ತಿರುಳು ಇಷ್ಟೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಹಾಲೆಂಡ್ 1975ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಗಟ್ಟಿ ತಳಹದಿ ಹಾಕಿದರು.

ಮೊದಲು ಮನಸ್ಸಿಗೆ ಬಂದಂತೆ ನೂರಾರು ಕ್ರಮಗಳನ್ನು ಹುಟ್ಟುಹಾಕುತ್ತಾರೆ. ಒಂದೊಂದರ ಮೊತ್ತ ಅಳೆಯುತ್ತಾರೆ. ಚೆನ್ನಾಗಿರುವವನ್ನು ಉಳಿಸಿಕೊಂಡು, ಎರಡೆರಡನ್ನು ಕೂಡಿಸಿ ಮರಿ ಕ್ರಮಗಳನ್ನು ಪಡೆಯುತ್ತಾರೆ. ಕೂಡಿಸುವಲ್ಲಿ ಒಂದು ತೊಡಕಿದೆ. ಒಂದು ಕ್ರಮ: ಔರಾದ, ಕಮಲನಗರ, ಭಾಲ್ಕಿ, ಬೀದರ್, ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣ, ಹುಲಸೂರು. ಇನ್ನೊಂದು: ಹುಲಸೂರು, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್, ಚಿಟಗುಪ್ಪ, ಬೀದರ್, ಕಮಲನಗರ, ಔರಾದ. ಮೊದಲನೆಯದರ ಮೇಲಿನ ಅರ್ಧಕ್ಕೆ ಎರಡನೆಯದರ ಕೆಳಗಿನ ಅರ್ಧ ಅಂಟಿಸಿದರೆ ಬೀದರ್, ಕಮಲನಗರ, ಔರಾದ ಎರಡೆರಡು ಸಲ ಬಂದು, ಬಸವಕಲ್ಯಾಣ, ಹುಮನಾಬಾದ್, ಹುಲಸೂರು ಮೂರೂ ಮಾಯವಾಗುತ್ತವೆ. ಹಾಗಾಗಬಾರದು.

ಅದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಮೊದಲನೆಯದರಿಂದ ಒಂದು ತುಂಡು ಹಾಗೇ ಎತ್ತಿಕೊಳ್ಳಿ. ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣ ತಮ್ಮ ಐದು, ಆರು, ಏಳನೇ ಜಾಗದಲ್ಲೇ ಇರಲಿ. ಉಳಿದ ಐದು ಹೆಸರುಗಳನ್ನು ಎರಡನೆಯದರಲ್ಲಿ ಬರುವ ಕ್ರಮದಲ್ಲೇ ಖಾಲಿ ಜಾಗಗಳಿಗೆ ತುಂಬಿ. ಆಗ ಹುಟ್ಟುವ ಮರಿ: ಹುಲಸೂರು, ಭಾಲ್ಕಿ, ಬೀದರ್, ಕಮಲನಗರ, ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣ, ಔರಾದ. ಯಾರೂ ಬಿಟ್ಟುಹೋಗಲಿಲ್ಲ, ಯಾರೂ ಎರಡು ಸಲ ಬರಲಿಲ್ಲ. ಒಬ್ಬರಿಂದ ಒಳ್ಳೆಯ ನೆರೆಹೊರೆ, ಇನ್ನೊಬ್ಬರಿಂದ ಒಟ್ಟಾರೆ ಸಾಗುವ ದಿಕ್ಕು.

ಆಗಾಗ ಒಂದು ಪಲ್ಲಟವನ್ನೂ ಸೇರಿಸುತ್ತಾರೆ: ಎರಡು ಸಾಲು ಅದಲುಬದಲು, ಇಲ್ಲವೇ ಒಂದು ತುಂಡು ತಿರುವುಮುರುವು. ಇದಿಲ್ಲದಿದ್ದರೆ ಕೆಲವೇ ತಲೆಮಾರಿನಲ್ಲಿ ಎಲ್ಲ ಕ್ರಮಗಳೂ ಒಂದೇ ಥರ ಆಗಿ, ಇನ್ನೂ ಒಳ್ಳೆಯದು ಇರುವಾಗಲೇ ಹುಡುಕಾಟ ನಿಂತುಬಿಡುತ್ತದೆ. ಸಾಲುಗಳಿಗೆ ಮಾಡಿದ್ದನ್ನೇ ಕಾಲಂಗಳಿಗೂ ಮಾಡುತ್ತಾರೆ. ನೂರಾರು ತಲೆಮಾರು ಕಳೆಯುವ ಹೊತ್ತಿಗೆ ದಟ್ಟ ಚೌಕಗಳು ಒಂದೆಡೆ, ತಿಳಿ ಚೌಕಗಳು ಒಂದೆಡೆ ಸೇರಿರುತ್ತವೆ. ಇದನ್ನು ಕೋಷ್ಟಕಗಳಿಗೆ ನೇರವಾಗಿ ಅನ್ವಯಿಸಿ ಸ್ಟೆಫಾನ್ ನೀರ್‌ಮನ್ 2005ರಲ್ಲಿ ‘ದಿ ಅಮೆರಿಕನ್ ಸ್ಟಾಟಿಸ್ಟಿಷಿಯನ್’ ಪತ್ರಿಕೆಯಲ್ಲಿ ಬರೆದರು. ಇವತ್ತು ‘ಆರ್’ ಎಂಬ ಉಚಿತ ತಂತ್ರಾಂಶದಲ್ಲಿ ‘ಸೀರಿಯೇಶನ್’ ಹೆಸರಿನ ಸಿದ್ಧ ಕಟ್ಟೇ ಇದೆ. ಸಾಧಾರಣ ಲ್ಯಾಪ್‌ಟಾಪ್ ಇರುವ ಪದವಿ ವಿದ್ಯಾರ್ಥಿಯೂ ಇದನ್ನು ಮಾಡಬಹುದು.

ಮೂವತ್ತೈದು ಕಾಲಂ, ಒಂದು ಸಂಖ್ಯೆ

ಇದು ನಮಗೆ ಯಾಕೆ ಬೇಕು ಎಂದು ಹೇಳಲು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪ್ರಾದೇಶಿಕ ಅಸಮತೋಲನ ಅಳೆಯಲು ರಚನೆಯಾದ ಆ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ಅಳೆದು, ಎಲ್ಲವನ್ನೂ ಸೇರಿಸಿ ತಾಲ್ಲೂಕಿಗೆ ಒಂದು ಸಮಗ್ರ ಸೂಚ್ಯಂಕ ಮಾಡಿತು. ಒಂದಕ್ಕಿಂತ ಕಡಿಮೆ ಬಂದವು ಹಿಂದುಳಿದವು: ಒಟ್ಟು 114. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಗೆ ಅದು ಶಿಫಾರಸು ಮಾಡಿತು. ಕಲ್ಯಾಣ ಕರ್ನಾಟಕದ ಹಕ್ಕಿನ ಮಾತಿಗೆ ಅಂಕಿಗಳ ಬಲ ತಂದ ವರದಿ ಅದು. ಅದರ ಬಗ್ಗೆ ಈ ಭಾಗದವರಿಗೆ ಇರುವ ಗೌರವ ನ್ಯಾಯವಾದದ್ದು.

ಹಣ ಹಂಚಲು ಒಂದು ಸಂಖ್ಯೆ ಬೇಕು, ನಿಜ. ಆದರೆ ಆ ಒಂದು ಸಂಖ್ಯೆಯೊಳಗೆ 35 ಕಾಲಂಗಳು ಕರಗಿಹೋಗುತ್ತವೆ. ಎರಡು ತಾಲ್ಲೂಕುಗಳಿಗೆ ಒಂದೇ ಸೂಚ್ಯಂಕ ಇರಬಹುದು. ಒಂದರಲ್ಲಿ ಶಾಲೆಯಿದ್ದು ನೀರಿಲ್ಲ, ಇನ್ನೊಂದರಲ್ಲಿ ನೀರಿದ್ದು ಆಸ್ಪತ್ರೆ ಇಲ್ಲ. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಒಂದಕ್ಕೂ ನಾಟುವುದಿಲ್ಲ. ಪೂರ್ತಿ ಕೋಷ್ಟಕವನ್ನು ಉಳಿಸಿಕೊಂಡು ಸಾಲು-ಕಾಲಂಗಳನ್ನು ಮಾತ್ರ ಜೋಡಿಸಿದರೆ, ಒಂದೇ ಬಗೆಯ ಕೊರತೆ ಇರುವ ತಾಲ್ಲೂಕುಗಳು ಪಕ್ಕಪಕ್ಕ ಬರುತ್ತವೆ. ಯಾರಿಗೆ ಎಷ್ಟು ಎಂಬುದರ ಜೊತೆಗೆ ಯಾರಿಗೆ ಏನು ಎಂಬುದೂ ಆಗ ಕಾಣುತ್ತದೆ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿ ರಚಿಸಿತು. ಇಂಥ ಸಮಿತಿಗಳ ವರದಿಗಳಲ್ಲಿ ಸೂಚ್ಯಂಕದ ಪಟ್ಟಿಯ ಪಕ್ಕದಲ್ಲೇ ಹೀಗೆ ಜೋಡಿಸಿದ ಕೋಷ್ಟಕವೂ ಅಚ್ಚಾಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಎಚ್ಚರವೂ ಬೇಕು. ಅರ್ಥವಿಲ್ಲದ ಅಂಕಿಗಳನ್ನು ಕೊಟ್ಟರೂ ಈ ಯಂತ್ರ ಏನೋ ಒಂದು ಕ್ರಮ ಹುಡುಕಿ ಕೊಡುತ್ತದೆ. ಸೊಗಸಾಗಿ ಕಂಡದ್ದೆಲ್ಲ ಸತ್ಯವಲ್ಲ. ಅದೃಷ್ಟದ ಅಂಶ ಇರುವುದರಿಂದ ಎರಡು ಸಲ ಓಡಿಸಿದರೆ ಎರಡು ಕ್ರಮ ಬರಬಹುದು, ಅಥವಾ ಅದೇ ಕ್ರಮ ತಲೆಕೆಳಗಾಗಿ ಬರಬಹುದು. ಅಳತೆಗೋಲು ಯಾವುದು, ಎಷ್ಟು ಸಲ ಓಡಿಸಿದರು ಎಂದು ಕೋಷ್ಟಕದ ಅಡಿಯಲ್ಲಿ ಬರೆಯಲೇಬೇಕು. ಶಿಶುಮರಣದಂಥ ಕಾಲಂನಲ್ಲಿ ಹೆಚ್ಚು ಅಂದರೆ ಕೆಟ್ಟದ್ದು. ಅದನ್ನು ತಿರುಗಿಸಿ ಇಡದಿದ್ದರೆ ದಟ್ಟ ಚೌಕವೆಲ್ಲ ಒಳ್ಳೆಯದೆಂದು ಓದುಗ ತಪ್ಪು ತಿಳಿಯುತ್ತಾನೆ. ಹಾಗೆಯೇ ಅಕಾರಾದಿ ಸೂಚಿಯೊಂದು ಕೊನೆಯಲ್ಲಿ ಇರಬೇಕು, ತನ್ನ ಊರು ಎಲ್ಲಿದೆ ಎಂದು ಹುಡುಕುವವರು ಕಳೆದುಹೋಗಬಾರದು.

ಇನ್ನೊಂದು ಮಿತಿ ಗಡಿಯದ್ದು, ಬಸವಕಲ್ಯಾಣದವರಿಗೆ ಚೆನ್ನಾಗಿ ತಿಳಿದದ್ದು. ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆ 1956ರಲ್ಲಿ ಮೂರು ಪಾಲಾಯಿತು. ನಿಲಂಗಾ, ಉದಗೀರ, ಅಹಮದಪುರ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಅಂದಿನಿಂದ ರಾಜ್ಯದ ಕೋಷ್ಟಕಗಳಲ್ಲಿ ಬಸವಕಲ್ಯಾಣದ ಜೊತೆ ಚಾಮರಾಜನಗರ ಇದೆ, ಗಡಿಗೆ ತಾಗಿದ ಉಮರ್ಗಾ, ನಿಲಂಗಾ ಇಲ್ಲ. ತೊಗರಿ-ಸೋಯಾ ಬೆಳೆಯುವ ಅದೇ ಎರೆಭೂಮಿ, ಅದೇ ಮಳೆಯ ಚಂಚಲತೆ, ಅದೇ ಹೈದರಾಬಾದ್-ಸೊಲ್ಲಾಪುರ ಹೆದ್ದಾರಿ. ಹೋಲಿಕೆಯನ್ನು ಹುಡುಕುವ ಯಂತ್ರಕ್ಕೆ ಇಂಥ ನೆರೆಯವರನ್ನೇ ಕೊಡದಿದ್ದರೆ ಅದು ದೂರದವರ ಪಕ್ಕ ಕೂರಿಸುತ್ತದೆ. ಮೂರೂ ರಾಜ್ಯಗಳ ಗಡಿ ತಾಲ್ಲೂಕುಗಳನ್ನು ಒಂದೇ ಕೋಷ್ಟಕದಲ್ಲಿ ಬರೆದು ಜೋಡಿಸುವ ಕೆಲಸವನ್ನು ಈ ಭಾಗದ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.

2011ರ ಅಂಕಿಗಳಲ್ಲಿ ಬೀದರ್ ಜಿಲ್ಲೆಗೆ ಐದೇ ಸಾಲು. ಹುಲಸೂರು ಬಸವಕಲ್ಯಾಣದೊಳಗೆ, ಚಿಟಗುಪ್ಪ ಹುಮನಾಬಾದ್‌ನೊಳಗೆ, ಕಮಲನಗರ ಔರಾದದೊಳಗೆ ಬೆರೆತಿವೆ. 2027ರ ಜನಗಣತಿಯಲ್ಲಿ ಈ ಮೂರಕ್ಕೂ ತಮ್ಮದೇ ಸಾಲು ಸಿಗಬೇಕಿದೆ. ಆ ಅಂಕಿಗಳು ಕೈಗೆ ಬಂದ ದಿನ, ಜಿಲ್ಲೆಯ ಕೈಪಿಡಿಯನ್ನು ಅಕಾರಾದಿಯಲ್ಲಿ ಒಮ್ಮೆ, ಹೋಲಿಕೆಯ ಕ್ರಮದಲ್ಲಿ ಇನ್ನೊಮ್ಮೆ, ಹಳ್ಳಿಯ ಮಟ್ಟದವರೆಗೆ, ಕನ್ನಡದಲ್ಲಿ ಅಚ್ಚು ಹಾಕಿ ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕಳಿಸಬೇಕು. ಖರ್ಚು ಕಾಗದದ್ದು ಮಾತ್ರ. ಜೋಡಿಸುವ ತಂತ್ರಾಂಶ ಉಚಿತ.